ಸ್ವಾಮಿಯವರ ಗೆರೆ, ನಮ್ಮ ಕ್ಯಾಮೆರಾ

ಬಿ.ಜಿ.ಎಲ್. ಸ್ವಾಮಿಯವರ ನೆನಪಿನ ಭಾಷಣಗಳಲ್ಲಿ ಎರಡು ಮಾತು ತಪ್ಪದೆ ಬರುತ್ತವೆ: ಡಿವಿಜಿಯವರ ಮಗ, ನಗಿಸುತ್ತ ಸಸ್ಯಶಾಸ್ತ್ರ ಕಲಿಸಿದ ಮೇಷ್ಟ್ರು. ಎರಡೂ ನಿಜವೇ. ಆದರೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ ಕೃತಿಗೆ ಸಂದಿರುವ ಕೀರ್ತಿ ತಪ್ಪು ಕಾರಣಕ್ಕೆ ಸಂದದ್ದು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಅದರ ಹಾಸ್ಯವನ್ನು ಅಳತೆ ಮೀರಿ ಹೊಗಳಿದ್ದೇವೆ. ಅದರ ಚಿತ್ರಗಳನ್ನು ಕಣ್ಣಿಟ್ಟು ನೋಡಿಲ್ಲ.

ಹಾಸ್ಯದ ವಿಷಯ ಬೇಗ ಮುಗಿಸುತ್ತೇನೆ. ಘಟ್ಟದ ಕಾಡುಗಳಲ್ಲಿ ವಿದ್ಯಾರ್ಥಿಗಳೊಡನೆ ಸುತ್ತಾಡುವ ಆ ಪುಸ್ತಕದಲ್ಲಿ ಕೆಲವು ಸಂಭಾಷಣೆಗಳು ಅಗತ್ಯಕ್ಕಿಂತ ಉದ್ದ. ಹುಡುಗರು ಪ್ರಶ್ನೆ ಕೇಳುವುದಕ್ಕೆ, ಮೇಷ್ಟ್ರು ಚಟಾಕಿ ಹಾರಿಸುವುದಕ್ಕೆ ಎಂಬಂತಾಗುತ್ತದೆ. ಎರಡನೇ ಸಲ ಓದುವಾಗ ಆ ಪುಟಗಳನ್ನು ದಾಟಿಸಿಯೇ ಮುಂದೆ ಹೋಗುತ್ತೇನೆ.

ಚಿತ್ರಗಳನ್ನು ದಾಟಿಸಲಾಗುವುದಿಲ್ಲ. ಸ್ವಾಮಿಯವರೇ ಕೈಯಾರೆ ಬರೆದ ರೇಖಾಚಿತ್ರಗಳವು. ಅವುಗಳ ಬೆಲೆ ನನಗೆ ಗೊತ್ತಾದದ್ದು ಉಡುಪಿ ಜಿಲ್ಲೆಯ ಅಜೆಕಾರಿನ ಸುತ್ತಿನ ಪದವುಗಳಲ್ಲಿ, ಅಂದರೆ ಮುರಕಲ್ಲಿನ ಬಯಲುಗುಡ್ಡಗಳಲ್ಲಿ. ಮಳೆಗಾಲದಲ್ಲಿ ಇಲ್ಲಿ ಹೂ ಹುಡುಕಿಕೊಂಡು ಕ್ಯಾಮೆರಾ ಹಿಡಿದು ಬರುವವರು ಈಗ ಹೆಚ್ಚಾಗಿದ್ದಾರೆ. ಪ್ರೀತಿಯಿಂದ ಬರುತ್ತಾರೆ, ಚೆಂದದ ಫೋಟೊ ತೆಗೆಯುತ್ತಾರೆ. ಆ ಫೋಟೊಗಳ ಬಗ್ಗೆಯೇ ನನ್ನ ತಕರಾರು.

ನೆಕ್ಕರೆಯನ್ನೇ ತೆಗೆದುಕೊಳ್ಳಿ. ನಮ್ಮ ಗುಡ್ಡಗಳ ತೀರ ಸಾಮಾನ್ಯ ಪೊದೆ. ಹಣ್ಣು ತಿಂದು ನಾಲಗೆ ನೇರಳೆ ಮಾಡಿಕೊಳ್ಳದ ಮಕ್ಕಳಿಲ್ಲ. ಫೋಟೊದಲ್ಲಿ ಅದು ಐದೆಸಳಿನ ನೇರಳೆ ಹೂ, ಹಿಂದೆ ಮಸುಕಾದ ಹಸಿರು, ಅಷ್ಟೆ. ಆದರೆ ಆ ಹೂವಿನಲ್ಲಿ ಹತ್ತು ಕೇಸರಗಳಿವೆ, ಅವು ಎರಡು ತರದವು. ಐದು ಗಿಡ್ಡ, ಹಳದಿ; ಇನ್ನೈದು ಉದ್ದ, ನೇರಳೆ, ಕುಡುಗೋಲಿನ ಹಾಗೆ ಬಾಗಿದವು. ಹಳದಿಯವು ದುಂಬಿಯನ್ನು ಕರೆದು ಪರಾಗ ಉಣಿಸುತ್ತವೆ. ದುಂಬಿ ಉಣ್ಣುವುದರಲ್ಲಿ ಮೈಮರೆತಾಗ ಉದ್ದದವು ಅದರ ಮೈಗೆ ಪರಾಗ ಹಚ್ಚಿ ಇನ್ನೊಂದು ಹೂವಿಗೆ ಕಳಿಸುತ್ತವೆ. ಎಸಳಿಗೆ ಫೋಕಸ್ ಕೊಟ್ಟರೆ ಈ ಕೇಸರಗಳು ಮಸುಕು. ಕೇಸರಕ್ಕೆ ಕೊಟ್ಟರೆ ಎಲೆ ಕಾಣೆ. ಬುಡದಿಂದಲೇ ಹೊರಟು ತುದಿಯಲ್ಲಿ ಕೂಡುವ ಎಲೆಯ ನರಗಳು ನೆಕ್ಕರೆ ಸೇರಿದ ಇಡೀ ಸಸ್ಯಕುಟುಂಬದ ಗುರುತು. ಮೊಗ್ಗಿನ ಬಟ್ಟಲಿಗೆ ಒತ್ತಿಕೊಂಡ ಹುರುಪೆಗಳು ನೆಕ್ಕರೆಯ ಗುರುತು. ಇದೇ ಕುಟುಂಬದ ಆಸ್ಬೆಕಿಯಾ ಕೂಡ ನೇರಳೆ ಹೂವಿನದೇ. ಅದರ ಕೇಸರಗಳಲ್ಲಿ ಈ ಭೇದವಿಲ್ಲ, ಕಾಯಿಗೆ ತಿರುಳಿಲ್ಲ, ಒಣಗಿ ಬಾಯಿ ಬಿಡುತ್ತದೆ. ಬರೀ ಎಸಳಿನ ಫೋಟೊ ಇಟ್ಟುಕೊಂಡು ಯಾವುದು ಯಾವುದೆಂದು ಹೇಗೆ ಹೇಳುವುದು?

ರೇಖಾಚಿತ್ರ ಬರೆಯುವವನಿಗೆ ಈ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಎಲೆ ಕಾಂಡಕ್ಕೆ ಎಲ್ಲಿ ಕೂಡುತ್ತದೆ ಎಂದು ಗೊತ್ತಿಲ್ಲದೆ ಗೆರೆ ಎಳೆಯಲಾಗದು. ಗೊತ್ತಿಲ್ಲದ್ದನ್ನು ಎದ್ದು ಹೋಗಿ ನೋಡಿ ಬರಬೇಕು. ಸ್ವಾಮಿಯವರಿಗೆ ಇದು ವೃತ್ತಿಯಿಂದಲೇ ಬಂದ ಶಿಸ್ತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಈ ಪ್ರಾಧ್ಯಾಪಕರು ಮೂಲತಃ ಅಂಗರಚನೆ, ಭ್ರೂಣಶಾಸ್ತ್ರಗಳ ವಿದ್ವಾಂಸರು. ಗಿಡವನ್ನು ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟು ಓದಿದವರು. ಹಾರ್ವರ್ಡ್‌ನ ಇರ್ವಿಂಗ್ ಬೈಲಿಯವರೊಡನೆ 1950ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸಾರ್ಕಾಂಡ್ರ ಎಂಬ ಹೂ ಬಿಡುವ ಗಿಡದ ಕಟ್ಟಿಗೆಯಲ್ಲಿ ನೀರು ಸಾಗಿಸುವ ನಾಳಗಳೇ ಇಲ್ಲವೆಂದು ಪ್ರತಿಪಾದಿಸಿದರು. ಮುಂದೆ ಅದೇ ಕುಲದ ಒಂದು ಪ್ರಭೇದಕ್ಕೆ ಬೈಲಿಯವರ ಹೆಸರನ್ನೇ ಇಟ್ಟರು. ಇಂಥದ್ದು ಯಾವ ಹೂವಿನ ಫೋಟೊದಲ್ಲೂ ಕಾಣುವುದಲ್ಲ.

ಫೋಟೊಗೆ ಬೆಲೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಬಣ್ಣ, ಜಾಗ, ದಿನ, ಹೊತ್ತು ಇವನ್ನು ಕ್ಯಾಮೆರಾದಷ್ಟು ಚೆನ್ನಾಗಿ ಗೆರೆ ಹಿಡಿಯಲಾರದು. ಒಂದೇ ಹೂವಿಗೆ ಇಪ್ಪತ್ತು ಫೋಟೊ ತೆಗೆಯುವ ಬದಲು ಎಲೆಯ ಮೇಲ್ಮೈ, ಅಡಿ, ಗಿಣ್ಣು, ಮೊಗ್ಗು, ಕಾಯಿ ಒಂದೊಂದು ತೆಗೆದರೆ ಸಾಕು.

ವಿಮರ್ಶಕರ ಮೇಲೆ ನನಗಿರುವ ಸಿಟ್ಟು ಇದಕ್ಕಿಂತ ದೊಡ್ಡದು. ‘ಹಸುರು ಹೊನ್ನು’ ಲಲಿತ ಪ್ರಬಂಧವೋ, ಪ್ರವಾಸ ಕಥನವೋ, ವಿಜ್ಞಾನ ಸಾಹಿತ್ಯವೋ ಎಂದು ಚರ್ಚಿಸಿದವರು ಪುಟದ ಮೇಲಿರುವ ಗಿಡವನ್ನು ಮುಟ್ಟುವುದಿಲ್ಲ. ಹಳಗನ್ನಡದ ಉಲ್ಲೇಖ ಸಿಕ್ಕಿದರೆ ಅಲ್ಲೇ ನಿಂತುಬಿಡುತ್ತಾರೆ. ಎಲೆಯ ಜೋಡಣೆ ಬಂದೊಡನೆ ಅದು ‘ತಾಂತ್ರಿಕ ವಿವರ’. ಕಾವ್ಯದ ಛಂದಸ್ಸು ತಾಂತ್ರಿಕ ವಿವರವಲ್ಲವೇ? ಅದನ್ನು ಕಲಿಯದೆ ಪಂಪನ ಬಗ್ಗೆ ಬರೆಯಲು ಯಾರಿಗೂ ಬಿಡುವುದಿಲ್ಲವಲ್ಲ!

ಇದೇ ಅಸಡ್ಡೆಯಿಂದ ನಮ್ಮ ಜಿಲ್ಲೆಯ ಒಂದು ದೊಡ್ಡ ಕೆಲಸ ಸಾಹಿತ್ಯಲೋಕದ ಕಣ್ಣಿಗೇ ಬಿದ್ದಿಲ್ಲ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಸಸ್ಯಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಕೆ. ಗೋಪಾಲಕೃಷ್ಣ ಭಟ್ಟರು 2003ರಲ್ಲಿ ‘ಫ್ಲೋರಾ ಆಫ್ ಉಡುಪಿ’, 2014ರಲ್ಲಿ ‘ಫ್ಲೋರಾ ಆಫ್ ಸೌತ್ ಕೆನರಾ’ ಹೊರತಂದರು. ಅದಕ್ಕೂ ಮೊದಲು, 2001ರಲ್ಲಿ, ಸಿ.ಆರ್. ನಾಗೇಂದ್ರನ್ ಅವರೊಡನೆ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಜೇಕು, ಹುಲ್ಲುಗಳ ಮೇಲೊಂದು ಪುಸ್ತಕ. ಹುಲ್ಲಿನ ಹೂವಿಗೆ ಯಾರು ಕ್ಯಾಮೆರಾ ಹಿಡಿಯುತ್ತಾರೆ? ಅದಕ್ಕೂ ಒಬ್ಬ ಮೇಷ್ಟ್ರು ಬಗ್ಗಿ ನೋಡಿದರು. ಕರಾವಳಿಯ ಸಾಹಿತ್ಯದ ಬಗ್ಗೆ ನಾನು ಓದಿದ ಸಮೀಕ್ಷೆಗಳಲ್ಲಿ ಈ ಹೆಸರುಗಳು ಕಂಡಿಲ್ಲ. ಇಂಗ್ಲಿಷಿನಲ್ಲಿವೆ ಎನ್ನುವುದು ನೆಪ. ಕನ್ನಡಕ್ಕೆ ತರುವಂತೆ ಯಾರೂ ಒತ್ತಾಯಿಸಲಿಲ್ಲ ಎನ್ನುವುದೇ ಅದರ ಅರ್ಥ.

ಇತ್ತ ಮುರಕಲ್ಲಿಗಾಗಿ ಪದವುಗಳನ್ನು ಕೊರೆಯುತ್ತಿದ್ದಾರೆ. ಕೋರೆ ಬಿದ್ದ ಕಡೆ ಮೇಲ್ಮಣ್ಣೂ ಮಳೆನೀರು ನಿಲ್ಲುವ ತಗ್ಗುಗಳೂ ಹೋಗುತ್ತವೆ. ಅವುಗಳೊಂದಿಗೆ ಆ ತಗ್ಗಿನಲ್ಲೇ ಬದುಕುವ, ಕೀಟ ಹಿಡಿದು ತಿನ್ನುವ ಸಣ್ಣ ಯುಟ್ರಿಕ್ಯುಲೇರಿಯಾದಂಥ ಗಿಡಗಳೂ. ಆಮೇಲೆ ಅಲ್ಲಿ ಏನಿತ್ತು ಎಂದು ಕೇಳುವವರಿಗೆ ನಮ್ಮ ಫೋಟೊಗಳು ಉತ್ತರ ಹೇಳಬೇಕು. ಈಗ ತೆಗೆಯುತ್ತಿರುವವುಗಳಲ್ಲಿ ಹೆಚ್ಚಿನವು ಹೇಳಲಾರವು.