ಸಮೀಕರಣ ಹೇಳದ ವೇಗ

ಪಿಯುಸಿ ಎರಡನೇ ವರ್ಷದ ರಸಾಯನಶಾಸ್ತ್ರದಲ್ಲಿ ಕ್ರಿಯಾವೇಗದ ಪಾಠ ಬಹುತೇಕ ಲೆಕ್ಕ ಬಿಡಿಸುವುದರಲ್ಲೇ ಮುಗಿಯುತ್ತದೆ. ಪ್ರತಿವರ್ತಕದ ಸಾರತೆ ಎರಡು ಪಟ್ಟಾದರೆ ವೇಗ ಎಷ್ಟು ಪಟ್ಟು ಎಂದು ಕೇಳಿದರೆ ಮಕ್ಕಳು ತಟ್ಟನೆ ಉತ್ತರಿಸುತ್ತಾರೆ. ಆರ್ಡರ್ ಎಂಬ ಆ ಘಾತಸಂಖ್ಯೆ ಎಲ್ಲಿಂದ ಬಂತು ಎಂದರೆ ಸುಮ್ಮನಾಗುತ್ತಾರೆ. ಅದನ್ನು ಪ್ರಯೋಗದಿಂದಲೇ ಕಂಡುಕೊಳ್ಳಬೇಕು, ಸಮೀಕರಣ ನೋಡಿ ಹೇಳಲಾಗದು. ಎನ್‌ಸಿಇಆರ್‌ಟಿ ಪುಸ್ತಕದಲ್ಲೇ ಉದಾಹರಣೆಯಿದೆ: ಕ್ಲೋರೋಫಾರ್ಮ್ ಮತ್ತು ಕ್ಲೋರಿನ್ ಕ್ರಿಯೆಯ ಸಮೀಕರಣದಲ್ಲಿ ಕ್ಲೋರಿನ್ನಿನ ಗುಣಕ 1, ವೇಗನಿಯಮದಲ್ಲಿ ಅದರ ಘಾತ ½.

ಈ ಮಾತು ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ನಡೆದ ಸಂಶೋಧನೆಯನ್ನು ನೋಡಬೇಕು. ಅಲ್ಲಿನ ರಸಾಯನಶಾಸ್ತ್ರ ವಿಭಾಗದ ಪ್ರೊ. ಡಿ.ಎಸ್. ಮಹದೇವಪ್ಪ ಮತ್ತು ಅವರ ಶಿಷ್ಯರು ಕ್ಲೋರಮೀನ್-ಟಿ ಮತ್ತು ಅದರ ಬಳಗದ ಹ್ಯಾಲೊಅಮೀನ್‌ಗಳು ಬೇರೆ ಬೇರೆ ಪದಾರ್ಥಗಳನ್ನು ಎಷ್ಟು ವೇಗವಾಗಿ ಆಕ್ಸಿಡೀಕರಿಸುತ್ತವೆ ಎಂದು ವರ್ಷಗಟ್ಟಲೆ ಅಳೆದರು. ಆರ್ಜಿನೈನ್, ಹಿಸ್ಟಿಡಿನ್, ಥ್ರಿಯೊನಿನ್ ಎಂಬ ಅಮೈನೋ ಆಮ್ಲಗಳ ಮೇಲಿನ ಅವರ ಪ್ರಬಂಧ 1981ರಲ್ಲಿ 'ಜರ್ನಲ್ ಆಫ್ ಫಿಸಿಕಲ್ ಕೆಮಿಸ್ಟ್ರಿ'ಯಲ್ಲಿ ಬಂತು. ಅದರ ಲೇಖಕರಲ್ಲಿ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾದ ಕೆ.ಎಸ್. ರಂಗಪ್ಪನವರೂ ಇದ್ದರು.

ಈ ಕೆಲಸಕ್ಕೆ ಬೇಕಾಗುವ ಸಲಕರಣೆ ನೋಡಿದರೆ ನನಗೆ ಇಂದಿಗೂ ಸಂತೋಷವಾಗುತ್ತದೆ. ಬೆಳಕು ತಾಗದಂತೆ ಹೊರಗೆ ಕಪ್ಪು ಬಳಿದ ಬಾಯ್ಲಿಂಗ್ ಟ್ಯೂಬು, ಉಷ್ಣತೆ ಕದಲದ ಥರ್ಮೋಸ್ಟಾಟ್, ಪಿಪೆಟ್, ಬ್ಯುರೆಟ್, ಪಿಷ್ಟದ ದ್ರಾವಣ. ಅಮೈನೋ ಆಮ್ಲವನ್ನು ಹತ್ತಾರು ಪಟ್ಟು ಹೆಚ್ಚಾಗಿ ಹಾಕುತ್ತಾರೆ. ಹಾಗಾಗಿ ಕ್ರಿಯೆ ಮುಗಿಯುವ ತನಕ ಅದರ ಸಾರತೆ ಹೆಚ್ಚುಕಡಿಮೆ ಬದಲಾಗುವುದಿಲ್ಲ, ಕ್ಲೋರಮೀನ್-ಟಿ ಕಡಿಮೆಯಾಗುವುದೊಂದೇ ಲೆಕ್ಕಕ್ಕೆ ಸಿಗುತ್ತದೆ. ಕೆಲವು ನಿಮಿಷಕ್ಕೊಮ್ಮೆ ಸ್ವಲ್ಪ ದ್ರಾವಣ ತೆಗೆದು ಆಮ್ಲ ಬೆರೆಸಿದ ಪೊಟಾಸಿಯಮ್ ಅಯೊಡೈಡ್‌ಗೆ ಸುರಿದರೆ ಉಳಿದಿರುವ ಕ್ಲೋರಮೀನ್-ಟಿ ಅಷ್ಟೂ ಅಯೊಡಿನ್ ಬಿಡಿಸುತ್ತದೆ. ಅದನ್ನು ಥಯೊಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿ, ನೀಲಿ ಹೋದ ಹನಿಗೆ ರೀಡಿಂಗ್ ಬರೆದುಕೊಳ್ಳಬೇಕು. ಲಾಗ್ ಬೆಲೆ ಕಾಲದೆದುರು ನೇರ ಗೆರೆಯಾದರೆ ಕ್ಲೋರಮೀನ್-ಟಿಗೆ ಆರ್ಡರ್ 1. ಆಮೇಲೆ ಅಮೈನೋ ಆಮ್ಲವನ್ನು ಎರಡು ಪಟ್ಟು ಮಾಡಿ ಇಡೀ ಸರಣಿ ಮತ್ತೆ. ವೇಗ ಎರಡಲ್ಲ, ಒಂದೂವರೆ ಪಟ್ಟು ಮಾತ್ರ ಏರಿತೆನ್ನಿ. ಆರ್ಡರ್ ಸುಮಾರು 0.58. ಇಂಥ ಭಿನ್ನಾಂಕ ಕಂಡಾಗಲೇ ಕುತೂಹಲ ಕೆರಳುವುದು: ಎರಡೂ ಅಣುಗಳು ಮೊದಲು ಜೋಡಿಯಾಗಿ, ಬೇಕಾದರೆ ಬಿಟ್ಟು, ಆಮೇಲೆ ನಿಧಾನವಾಗಿ ಒಡೆಯುತ್ತಿರಬಹುದು. ಕ್ಲೋರಮೀನ್-ಟಿ ಕ್ಲೋರಿನ್ ಕಳೆದುಕೊಂಡಾಗ ಉಳಿಯುವ ಟೊಲ್ವೀನ್ ಸಲ್ಫೊನಮೈಡನ್ನು ಮೊದಲೇ ಹಾಕಿದರೆ ವೇಗ ಕುಸಿಯುತ್ತದೆಯೇ ಎಂದೂ ಪರೀಕ್ಷಿಸುತ್ತಾರೆ. ಕುಸಿದರೆ, ಆ ಪದಾರ್ಥ ಹೊರಬೀಳುವ ಆರಂಭದ ಹಂತ ಹಿಂದಕ್ಕೂ ಹೋಗಬಲ್ಲದು ಎಂದರ್ಥ.

ಮಿತಿಯೂ ಇದೆ, ಅದನ್ನು ಮುಚ್ಚಿಡಬಾರದು. ವೇಗನಿಯಮ ಒಂದು ಕ್ರಿಯಾವಿಧಾನವನ್ನು ತಳ್ಳಿಹಾಕಬಲ್ಲದು, ಸಾಬೀತು ಮಾಡಲಾರದು. ಒಂದೇ ನಿಯಮಕ್ಕೆ ಎರಡು ಮೂರು ವಿಧಾನಗಳು ಒಪ್ಪುತ್ತವೆ. ನಮ್ಮ ದೇಶದಲ್ಲಿ ಈ ಬಗೆಯ ಪ್ರಬಂಧಗಳು ಬೆಳೆದಂತೆ, ಪದಾರ್ಥ ಬದಲಿಸಿ ಅದೇ ಕೋಷ್ಟಕ ತುಂಬುವ ರೂಢಿ ಬಂತು. ನಡುವಿನ ಹಂತದ ಅಣುವನ್ನು ನೇರವಾಗಿ ಹಿಡಿಯುವ ಪ್ರಯತ್ನ ಕಡಿಮೆಯಾಯಿತು. ಆದರೂ ಆ ಕೋಷ್ಟಕದ ಪ್ರತಿ ಸಾಲಿನಲ್ಲೂ ಯಾರೋ ನಿಂತು ಅಳೆದ ಒಂದು ಸಂಜೆಯಿದೆ. ನಾನು ಅದನ್ನು ಗೌರವಿಸುತ್ತೇನೆ.

ಪಿಯು ಲ್ಯಾಬಿನಲ್ಲಿ ಅದೇ ಥಯೊಸಲ್ಫೇಟ್ ಸ್ವತಃ ಪ್ರತಿವರ್ತಕ. ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದಾಗ ಗಂಧಕ ಕೂಡಿ ದ್ರಾವಣ ಹಾಲಿನಂತಾಗುತ್ತದೆ, ಫ್ಲಾಸ್ಕಿನಡಿಯ ಕಾಟು ಗುರುತು ಮರೆಯಾಗುವ ಕಾಲ ನೋಡುತ್ತಾರೆ. ಪ್ರಯೋಗ ಚೆನ್ನಾಗಿದೆ, ನಡೆಸುವ ರೀತಿ ಸಾಲದು. ಥಯೊಸಲ್ಫೇಟ್ ಕಡಿಮೆ ಹಾಕಿದಾಗ ಅಷ್ಟೇ ನೀರು ಸೇರಿಸುವುದು ಏಕೆ, 1/t ವೇಗದ ಅಳತೆಯಾಗುವುದು ಹೇಗೆ ಎಂಬುದು ರೆಕಾರ್ಡ್ ಬುಕ್ಕಿಗೆ ಬರುವುದೇ ಅಪರೂಪ. ಬದಲಿಸುವುದು ಥಯೊಸಲ್ಫೇಟನ್ನು ಮಾತ್ರ. ಗೆರೆ ನೇರ ಬರಬೇಕೆಂದು ಮೊದಲೇ ಗೊತ್ತು, ಬರದಿದ್ದರೆ ರೀಡಿಂಗನ್ನೇ ತಿದ್ದುತ್ತಾರೆ. ಅದೇ ಅವಧಿಯಲ್ಲಿ ಥಯೊಸಲ್ಫೇಟ್ ಸ್ಥಿರವಾಗಿಟ್ಟು ಆಮ್ಲವನ್ನು ಅರ್ಧಕ್ಕೆ ಇಳಿಸಿ ಇನ್ನೊಂದು ಸರಣಿ ಮಾಡಿಸಬಹುದು, ಖರ್ಚು ಏನೂ ಹೆಚ್ಚಲ್ಲ. ಸಮೀಕರಣದಲ್ಲಿ ಹೈಡ್ರೋಜನ್ ಅಯಾನು ಎರಡಿದೆ. ಹಾಗೆಂದು ವೇಗ ಕಾಲುಭಾಗಕ್ಕೆ ಇಳಿಯುತ್ತದೆಯೋ ಇಲ್ಲವೋ ಎಂಬುದನ್ನು ಹುಡುಗರು ಸ್ಟಾಪ್‌ವಾಚ್ ಹಿಡಿದೇ ಹೇಳಲಿ, ಬಂದ ಅಂಕಿಯನ್ನು ಬಂದ ಹಾಗೇ ಬರೆದವರಿಗೆ ಪೂರ್ತಿ ಅಂಕ ಸಿಗಲಿ.