‘ನಾಗರಹಾವು’: ಕಣ್ಣೀರಿನ ಸೆಳೆತ

ಪುಟ್ಟಣ್ಣ ಕಣಗಾಲ್ ಅವರು ತ.ರಾ.ಸು. ಕಾದಂಬರಿಗಳನ್ನು ಆಧರಿಸಿ ‘ನಾಗರಹಾವು’ ಚಿತ್ರವನ್ನು ತೆರೆಗೆ ತಂದದ್ದು 1972ರಲ್ಲಿ. ಕೊನೆಯಲ್ಲಿ ಮೂವರೂ ಸಾಯುತ್ತಾರೆಂದು ತಿಳಿದಿದ್ದರೂ ಜನ ಅದನ್ನು ಮತ್ತೆ ಮತ್ತೆ ನೋಡಿದರು. 2018ರಲ್ಲಿ ಹೊಸ ಮೆರುಗಿನೊಂದಿಗೆ ಮರಳಿ ಬಂದಾಗಲೂ ನೋಡಿದರು. ದುರಂತವೆಂದು ಬಲ್ಲ ಕಥೆಗೆ ನಾವು ಇಷ್ಟಪಟ್ಟು ಮರಳುವುದೇಕೆ?

ವಿಜಯಭಾಸ್ಕರ್ ಅವರ ಸಂಗೀತ ಎಂಬುದು ಮೊದಲ ಉತ್ತರ. ಅದು ಸಣ್ಣ ಉತ್ತರವೇನಲ್ಲ. ಯಳವತ್ತಿಯಂಥ ಊರುಗಳಲ್ಲಿ ಚಿತ್ರಮಂದಿರದ ಮೆಟ್ಟಿಲು ಹತ್ತದವರಿಗೂ ರೇಡಿಯೋದ ಮೂಲಕ ಈ ಹಾಡುಗಳು ಪರಿಚಿತ. ರಾಮಾಚಾರಿ ಅಲಮೇಲುವನ್ನು ಕರೆಯುವ ಹಾಡಿನಲ್ಲಿ ಪುಟ್ಟಣ್ಣನವರು ನಿಧಾನಗತಿಯ ಚಿತ್ರಣವನ್ನು ಬಳಸಿದರು. ಕಾಲವೇ ಆ ಇಬ್ಬರಿಗಾಗಿ ತುಸು ತಡೆದು ನಿಂತಂತೆ ತೋರುತ್ತದೆ. ಮುಂದಿನದನ್ನು ಬಲ್ಲ ಪ್ರೇಕ್ಷಕನಿಗೆ ಅವರ ಸಂತೋಷವೇ ಕಣ್ಣೀರು ತರಿಸುತ್ತದೆ.

ಹಾಡು ಮುಗಿದ ಮೇಲೂ ಮನಸ್ಸಿನಲ್ಲಿ ಉಳಿಯುವವರು ಚಾಮಯ್ಯ ಮೇಷ್ಟ್ರು. (ನಮ್ಮ ಕಡೆಯಾದರೆ ಮಾಸ್ತರರು ಎನ್ನುತ್ತಿದ್ದೆವು.) ಕೆ. ಎಸ್. ಅಶ್ವಥ್ ಅವರು ಈ ಪಾತ್ರಕ್ಕೆ ತುಂಬಿದ ಮಮತೆ ಎಷ್ಟೆಂದರೆ, ಮೇಷ್ಟ್ರ ತಪ್ಪು ನಮ್ಮ ಕಣ್ಣಿಗೇ ಬೀಳುವುದಿಲ್ಲ. ಅಲಮೇಲುವನ್ನು ಬಿಟ್ಟುಕೊಡುವಂತೆ ಶಿಷ್ಯನನ್ನು ಒಪ್ಪಿಸುವವರು ಅವರೇ. ಅವನು ಗುರುವಿನ ಮಾತಿಗೆ ತಲೆಬಾಗುತ್ತಾನೆ. ನಾವು ಅದನ್ನು ತ್ಯಾಗವೆಂದು ಕೊಂಡಾಡುತ್ತೇವೆ. ಮುಂದೊಂದು ದಿನ ಅವನು ಆಕೆಯನ್ನು ಕಾಣುವುದು ವೇಶ್ಯೆಯಾಗಿ. ಅವಳನ್ನು ಕೇಳಿದವರು ಯಾರು?

ನ್ಯಾಯಸ್ಥಾಪಕರ ಗ್ರಂಥದ 11ನೆಯ ಅಧ್ಯಾಯವನ್ನು ನೆನೆಯಿರಿ. ಹರಕೆ ಹೊತ್ತವನು ಯೆಪ್ತಾಹ. ಅದನ್ನು ತೆತ್ತವಳು ಅವನ ಮಗಳು. ಗ್ರಂಥ ಆಕೆಯ ಹೆಸರನ್ನೂ ಹೇಳುವುದಿಲ್ಲ. ಕಲ್ವಾರಿಯಲ್ಲಿ ಯೇಸು ಅರ್ಪಿಸಿದ್ದು ತನ್ನ ಪ್ರಾಣವನ್ನು, ಇನ್ನೊಬ್ಬರದನ್ನಲ್ಲ. ಮನೆಯ ಮಾನ, ಹಿರಿಯರ ಮಾತು ಎಂದು ಮಕ್ಕಳ ಬಾಳನ್ನು ಬಲಿಗೊಡುವ ನಾವು, ವಿಶ್ವಾಸಿಗಳ ಕುಟುಂಬಗಳೂ ಸೇರಿದಂತೆ, ಈ ಚಿತ್ರಕ್ಕೆ ಅಳುವಾಗ ನಮಗರಿವಿಲ್ಲದೆ ಆ ಮಕ್ಕಳಿಗಾಗಿಯೇ ಅಳುತ್ತಿರಬಹುದು. ಚಿತ್ರದ ನಿಜವಾದ ಸೆಳೆತ ಇದೇ ಎಂದು ನನ್ನ ಎಣಿಕೆ. ಇಲ್ಲಿ ಪ್ರೇಮಿಗಳನ್ನು ಅಗಲಿಸುವವನು ಖಳನಲ್ಲ, ಪ್ರೀತಿಸುವ ಹಿರಿಯ.

ಇನ್ನು ಮಾರ್ಗರೆಟ್. ಕ್ರೈಸ್ತ ಹುಡುಗಿಯೆಂದರೆ ಗಿಡ್ಡ ಉಡುಪು, ಸಲಿಗೆಯ ಮಾತು ಎಂಬ ನಮ್ಮ ಸಿನಿಮಾಗಳ ರೂಢಿಯಿಂದ ಪುಟ್ಟಣ್ಣನವರೂ ಪೂರ್ತಿ ಹೊರಬರಲಿಲ್ಲ. ಅವಳ ವೇಷವನ್ನು ತೋರಿಸಿದಷ್ಟು ಆಸ್ಥೆಯಿಂದ ಅವಳ ಅಂತರಂಗವನ್ನು ತೋರಿಸಲಿಲ್ಲ. ಆದರೂ ಶುಭಾ ಅವರ ಅಭಿನಯದಲ್ಲಿ ಎದೆಗಾರಿಕೆಯಿದೆ. ಒರಟ ರಾಮಾಚಾರಿಯನ್ನು ತಿದ್ದಲು ಹೋಗದೆ ಇದ್ದಂತೆಯೇ ಪ್ರೀತಿಸುವವಳು ಅವಳು. ಮೇಷ್ಟ್ರು ಈ ಸಂಬಂಧಕ್ಕೂ ಅಡ್ಡ ಬರುತ್ತಾರೆ. ಈ ಸಲ ಶಿಷ್ಯ ತಲೆಬಾಗುವುದಿಲ್ಲ. ಕೋಪದ ಒಂದು ಕ್ಷಣದಲ್ಲಿ ಗುರು ಬೆಟ್ಟದಿಂದ ಬೀಳುತ್ತಾರೆ, ಹಿಂದೆಯೇ ಪ್ರೇಮಿಗಳೂ ಹಾರುತ್ತಾರೆ.

ಈ ಹಾರುವಿಕೆಯನ್ನು ಮಿಲನವೆಂಬಂತೆ ಸಿಂಗರಿಸಿದ್ದನ್ನು ನಾನು ಒಪ್ಪಲಾರೆ. ನೊಂದ ಯುವಜನರು ಕುಳಿತು ನೋಡುವ ಚಿತ್ರವಿದು. ಪಶ್ಚಾತ್ತಾಪಕ್ಕೂ ಕ್ಷಮೆಗೂ ಅಲ್ಲಿ ಒಂದು ಗಳಿಗೆಯ ಬಿಡುವೂ ಇಲ್ಲ. ಬೆಟ್ಟದ ಕೆಳಗಿನ ಮನೆಯಲ್ಲಿ ಮೇಷ್ಟ್ರ ಹೆಂಡತಿ ತುಂಗಮ್ಮನಿದ್ದಾಳೆ. ಗಂಡನನ್ನೂ ಮಗನಂತೆ ಕಂಡವನನ್ನೂ ಅವಳು ಒಂದೇ ದಿನ ಕಳೆದುಕೊಂಡಳು. ಅವಳ ಮರುದಿನವನ್ನು ಚಿತ್ರ ತೋರಿಸುವುದಿಲ್ಲ.