ಸೇತುವೆಯ ನಡುವೆ ನಿಲ್ಲದ ಸೈಕಲ್ಲು: ಒಂದು ಪ್ರವಾಸ ಕಥನದ ವಿಮರ್ಶೆ

ನಮ್ಮ ಸಂಘದ ಕಳೆದ ತಿಂಗಳ ಗೋಷ್ಠಿಯಲ್ಲಿ ಸದಸ್ಯ ಮಿತ್ರರೊಬ್ಬರು ತಮ್ಮ ಪ್ರವಾಸ ಕಥನದ ಹಸ್ತಪ್ರತಿಯನ್ನು ಓದಿದರು. ಪತ್ನಿ, ಹನ್ನೊಂದು ವರ್ಷದ ಮಗಳು ಮತ್ತು ಏಳು ವರ್ಷದ ಮಗನೊಡನೆ, ಫ್ರಾನ್ಸ್ ದೇಶದ ಪೂರ್ವದ ಗಡಿಯಲ್ಲಿರುವ ಸ್ಟ್ರಾಸ್‌ಬರ್ಗ್ ನಗರವನ್ನು ಬಾಡಿಗೆಯ ಸೈಕಲ್ಲುಗಳಲ್ಲಿ ಮೂರು ದಿನ ಸುತ್ತಿದ ವೃತ್ತಾಂತವದು. ಸಭೆ ಮನಸಾರೆ ಮೆಚ್ಚಿತು, ನಾವೂ ಮೆಚ್ಚಿದೆವು. ಗ್ರಂಥರೂಪಕ್ಕೆ ಬರುವ ಮುನ್ನ ದೋಷಗಳನ್ನೂ ತಿಳಿಸಬೇಕೆಂದು ಲೇಖಕರೇ ಕೇಳಿಕೊಂಡುದರಿಂದ ಈ ನಾಲ್ಕು ಮಾತು.

ಮೊದಲು ಗುಣವನ್ನು ಹೇಳುವುದು ಧರ್ಮ. ವಿಮಾನವೇರಿದ ಗಳಿಗೆಯಿಂದ ಇಳಿದ ಗಳಿಗೆಯವರೆಗಿನ ದಿನಚರಿಯೇ ಪ್ರವಾಸ ಕಥನವೆಂಬ ರೂಢಿ ನಮ್ಮಲ್ಲಿ ಬೇರೂರಿದೆ. ಲೇಖಕರು ಅದನ್ನು ತೊರೆದು ಓದುಗನನ್ನು ನೇರವಾಗಿ ಸೈಕಲ್ಲಿನ ಮೇಲೆ ಕುಳ್ಳಿರಿಸುತ್ತಾರೆ. ಸ್ಟ್ರಾಸ್‌ಬರ್ಗ್ ರೈನ್ ನದಿಯ ಬಯಲಿನ ಸಮತಟ್ಟಾದ ಊರು. ಸುತ್ತಮುತ್ತ ಸುಮಾರು 600 ಕಿಲೋಮೀಟರು ಸೈಕಲ್ ದಾರಿಯುಂಟು. ಆದುದರಿಂದಲೇ ಏಳರ ಬಾಲಕನೂ ತಂದೆಯ ಹಿಂದೆ ನಿರ್ಭಯವಾಗಿ ತುಳಿಯಬಲ್ಲ. ಇಲ್ ನದಿಯ ಕವಲುಗಳು ಬಳಸಿದ ಹಳೆಯ ನಗರ, ಒಮ್ಮೆ ಚರ್ಮ ಹದಮಾಡುವವರ ಕೇರಿಯಾಗಿದ್ದ ಪೆಟಿಟ್ ಫ್ರಾನ್ಸ್, ಅಲ್ಲಿಯ ಮರದ ಚೌಕಟ್ಟಿನ ಮನೆಗಳು, ತೊಗಲು ಒಣಗಿಸುವುದಕ್ಕಾಗಿ ಗಾಳಿಗೆ ತೆರೆದಿಟ್ಟ ಅಟ್ಟಗಳು — ಇವುಗಳ ವರ್ಣನೆ ಮಿತವೂ ಚೊಕ್ಕವೂ ಆಗಿದೆ.

ಆದರೆ ಕೆಂಗಲ್ಲಿನ ಪ್ರಧಾನ ಇಗರ್ಜಿಯೆದುರು ಲೇಖನಿ ತಡವರಿಸುತ್ತದೆ. ಗೋಪುರದ ಎತ್ತರ 142 ಮೀಟರು, ಪೂರ್ಣಗೊಂಡುದು 1439ರಲ್ಲಿ, ಯುನೆಸ್ಕೋ ಮನ್ನಣೆ 1988ರಲ್ಲಿ — ಎಲ್ಲವೂ ಸರಿಯೇ. ಆದರೂ ಇವು ಯಾವ ಕೈಪಿಡಿಯಲ್ಲಾದರೂ ದೊರೆಯುವ ಸಂಗತಿಗಳು. ಗೋಪುರದ ತುದಿ ಕಾಣಲೆಂದು ನೆಲದ ಮೇಲೆ ಅಂಗಾತ ಮಲಗಿದ ಮಗ, ಈ ಕಡೆಯ ಗೋಪುರವನ್ನು ಕಟ್ಟಿ ಆ ಕಡೆಯದನ್ನು ಯಾಕೆ ಬಿಟ್ಟರೆಂದು ಕೇಳಿದನಷ್ಟೆ? ಅದು ಕೈಪಿಡಿಯಲ್ಲಿಲ್ಲ. ಅಂಕಿಗಳನ್ನು ಕಡಿಮೆ ಮಾಡಿ ಮಕ್ಕಳ ಪ್ರಶ್ನೆಗಳಿಗೆ ಜಾಗ ಕೊಟ್ಟಿದ್ದರೆ ಕಥನಕ್ಕೆ ಲಾಭವಾಗುತ್ತಿತ್ತು.

ನಮ್ಮ ಮುಖ್ಯ ಆಕ್ಷೇಪವಿರುವುದು ಮೂರನೆಯ ದಿನದ ಅಧ್ಯಾಯದ ಬಗ್ಗೆ. ಅಂದು ಕುಟುಂಬ ರೈನ್ ನದಿಯನ್ನು ದಾಟಿ ಜರ್ಮನಿಯ ಕೇಲ್ ಪಟ್ಟಣಕ್ಕೆ ಹೋಗುತ್ತದೆ. ದಾಟಿದ್ದು, ನಡೆಯುವವರಿಗೂ ಸೈಕಲ್ಲಿನವರಿಗೂ ಎಂದೇ 2004ರಲ್ಲಿ ಕಟ್ಟಿದ ಕಾಲುಸೇತುವೆಯ ಮೇಲೆ. ನದಿಯ ನಟ್ಟನಡುವೆ, ಸೇತುವೆಯ ಎರಡು ಹಾದಿಗಳು ಕೂಡುವಲ್ಲಿ ಜಗಲಿಯಂಥದೊಂದು ತಾಣವಿದೆ. ನಿಂತು ನೋಡುವುದಕ್ಕಾಗಿಯೇ ಇರುವ ಜಾಗ. ಲೇಖಕರು ಅಲ್ಲಿ ನಿಲ್ಲುವುದಿಲ್ಲ. ಒಂದೇ ವಾಕ್ಯದಲ್ಲಿ ನದಿ ದಾಟಿ, ರಹದಾರಿ ಕೇಳುವವರಿಲ್ಲವೆಂದು ಹರ್ಷಿಸಿ, ಐಸ್‌ಕ್ರೀಂ ತಿಂದು ಹಿಂದಿರುಗುತ್ತಾರೆ.

ಆ ಹರ್ಷಕ್ಕೆ ತೆತ್ತ ಬೆಲೆಯನ್ನು ಹೇಳದೆ ಹರ್ಷವನ್ನಷ್ಟೇ ಹೇಳಿದರೆ ಕಥನ ತೆಳುವಾಗುತ್ತದೆ. 1681ರಲ್ಲಿ ಹದಿನಾಲ್ಕನೆಯ ಲೂಯಿ ದೊರೆ ವಶಪಡಿಸಿಕೊಂಡ ಈ ನಗರ 1871ರಲ್ಲಿ ಜರ್ಮನಿಗೆ ಸೇರಿತು. 1918ರಲ್ಲಿ ಮರಳಿ ಫ್ರಾನ್ಸಿಗೆ, 1940ರಲ್ಲಿ ಹಿಟ್ಲರನ ಕೈಗೆ, 1944ರ ನವೆಂಬರಿನಲ್ಲಿ ಮತ್ತೆ ಫ್ರಾನ್ಸಿಗೆ. 1860ರಲ್ಲಿ ಹುಟ್ಟಿ ಎಂಬತ್ತೈದು ವರ್ಷ ಬಾಳಿದ ಒಬ್ಬ ಅಜ್ಜಿಗೆ ಮನೆಯ ಹೊಸ್ತಿಲು ಬಿಡದೆಯೇ ನಾಲ್ಕು ಸಲ ದೇಶ ಬದಲಾಗಿರಬೇಕು. 1870ರ ಮುತ್ತಿಗೆಯಲ್ಲಿ ನಗರದ ಗ್ರಂಥಾಲಯ ಒಂದೇ ರಾತ್ರಿಯಲ್ಲಿ ಬೂದಿಯಾಯಿತು. ತೆರೆದ ಗಡಿಯಾದರೂ ಶಾಶ್ವತವೆ? 2020ರ ಮಾರ್ಚಿನಲ್ಲಿ ಸಾಂಕ್ರಾಮಿಕ ರೋಗದ ಭೀತಿಯಿಂದ ಅಲ್ಲಿ ಮತ್ತೆ ತಪಾಸಣೆ ಬಂದಿತು. ಸಕಾರಣವಿಲ್ಲದವರು ಕೆಲವು ತಿಂಗಳು ದಾಟದಾದರು.

ಇನ್ನೊಂದು ಸಂದರ್ಭ. ರಿಪಬ್ಲಿಕ್ ಚೌಕದಲ್ಲಿ 1936ರಲ್ಲಿ ನಿಲ್ಲಿಸಿದ ಯುದ್ಧಸ್ಮಾರಕವಿದೆ. ತಾಯಿಯೊಬ್ಬಳು ಸಾಯುತ್ತಿರುವ ಇಬ್ಬರು ಮಕ್ಕಳನ್ನು ಹಿಡಿದಿದ್ದಾಳೆ. ಇಬ್ಬರ ಮೈಮೇಲೂ ಸಮವಸ್ತ್ರವಿಲ್ಲ. ಒಬ್ಬ ಜರ್ಮನಿಯ ಪಕ್ಷದಲ್ಲಿ, ಇನ್ನೊಬ್ಬ ಫ್ರಾನ್ಸಿನ ಪಕ್ಷದಲ್ಲಿ ಹೋರಾಡಿದವನು. ಆದುದರಿಂದ ‘ನಮ್ಮ ಮೃತರಿಗೆ’ ಎಂದಷ್ಟೇ ಕೆತ್ತಿದ್ದಾರೆ. ಯಾವ ದೇಶಕ್ಕಾಗಿ ಎಂದು ಕೆತ್ತಿಲ್ಲ. ಲೇಖಕರ ಮಗಳು ಇಬ್ಬರಲ್ಲಿ ಗೆದ್ದವನು ಯಾರೆಂದು ಕೇಳುತ್ತಾಳೆ. ತಂದೆ ಹೊತ್ತಾಯಿತೆಂದು ಪೆಡಲು ತುಳಿಯುತ್ತಾರೆ. ಇಡೀ ಕೃತಿಯ ಜೀವ ಆ ಪ್ರಶ್ನೆಯಲ್ಲಿದೆ. ಅದನ್ನು ದಾರಿಯಲ್ಲೇ ಬಿಟ್ಟು ಬಂದಿದ್ದಾರೆ.

ಕೊನೆಯಲ್ಲಿ ಲೇಖಕರು ಆಲ್ಫೋನ್ಸ್ ದೋದೆಯ ‘ಕೊನೆಯ ಪಾಠ’ವನ್ನು ನೆನೆದು ಕಣ್ಣೀರಿಡುತ್ತಾರೆ. 1873ರ ಸಂಕಲನದಲ್ಲಿ ಸೇರಿದ ಈ ಕಥೆ ನಮ್ಮ ದೇಶದ ಹನ್ನೆರಡನೆಯ ತರಗತಿಯ ಇಂಗ್ಲಿಷ್ ಪಠ್ಯದಿಂದ ಬಹುಮಂದಿಗೆ ಪರಿಚಿತ. ಫ್ರೆಂಚ್ ಕಲಿಸುವ ಹಾಮೆಲ್ ಮೇಷ್ಟ್ರಿಗೆ ಅದು ಕೊನೆಯ ದಿನ; ಮರುದಿನದಿಂದ ಜರ್ಮನ್ ಪಾಠ. ನಾವೂ ಮೇಷ್ಟ್ರುಗಳೇ, ಓದಿ ನಮ್ಮ ಕೊರಳೂ ಬಿಗಿದಿದೆ. ಆದರೂ ಕಥೆ ಒಂದು ಮಾತನ್ನು ಮುಚ್ಚಿಡುತ್ತದೆ. ಅಂದಿನ ಆಲ್ಸೇಸಿನ ಹಳ್ಳಿಗಳಲ್ಲಿ ಹೆಚ್ಚಿನ ಮಕ್ಕಳ ಮನೆಮಾತು ಜರ್ಮನ್ ಕುಲದ ಆಡುನುಡಿ. ಬಾಲಕನ ಹೆಸರೇ ಫ್ರಾನ್ಜ್! ಫ್ರೆಂಚ್ ಅವರಿಗೆ ಶಾಲೆ ಕೊಟ್ಟ ಭಾಷೆ. 1940ರಲ್ಲಿ ನಾಟ್ಸಿಗಳು ಫ್ರೆಂಚನ್ನು ನಿಷೇಧಿಸಿದರು. 1945ರಲ್ಲಿ ಫ್ರೆಂಚ್ ಆಡಳಿತ ಪ್ರಾಥಮಿಕ ಶಾಲೆಗಳಲ್ಲಿ ಜರ್ಮನ್ ಬೋಧನೆಯನ್ನು ನಿಲ್ಲಿಸಿತು. ಎರಡು ಸಲವೂ ಅಜ್ಜಿಯ ನುಡಿಯನ್ನು ಕೇಳಿದವರಿಲ್ಲ. ಇಂದು ಆ ನುಡಿ ಹಳೆಯ ನಗರದ ಬೀದಿಫಲಕಗಳಲ್ಲಿ ಫ್ರೆಂಚಿನ ಜೊತೆಗೆ ಕಾಣುತ್ತದೆ. ಮೂರು ದಿನ ಆ ಫಲಕಗಳಡಿಯಲ್ಲೇ ಸೈಕಲ್ ತುಳಿದ ಲೇಖಕರು ಅದನ್ನು ಕಾಣಲಿಲ್ಲ.

ಈ ಆಕ್ಷೇಪ ನಮ್ಮನ್ನೂ ಬಿಡುವುದಿಲ್ಲ. 1956ರ ನವೆಂಬರ್ 1ರಂದು ಮನೆ ಕದಲದೆಯೇ ರಾಜ್ಯ ಬದಲಾದ ಕಾಸರಗೋಡಿನ ಹಿರಿಯರ ಸಂತಾನ ನಾವು. ಕನ್ನಡ ಶಾಲೆಯ ಅಳಲನ್ನು ಬರೆಯುವಾಗ ನಾವು ಕೂಡ ದೋದೆಯ ಜಾಡಿನಲ್ಲೇ ನಡೆದಿಲ್ಲವೆ? ನಮ್ಮೆದುರು ಕುಳಿತ ಮಕ್ಕಳಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ ಮನೆಮಾತಿನವರಿದ್ದಾರೆ. ಇದನ್ನು ಹೇಳಿದರೆ ನಮ್ಮ ಹಕ್ಕಿನ ವಾದ ಸಡಿಲಾದೀತೆಂಬ ಅಂಜಿಕೆಯಿಂದ ಕಥೆ ಕವನಗಳಲ್ಲಿ ಅವರನ್ನು ಮರೆಸಿದ್ದೇವೆ. ಮನೆಯಲ್ಲಿ ತುಳುವಾಡಿ, ಶಾಲೆಯಲ್ಲಿ ಕನ್ನಡವನ್ನೂ ತನ್ನದೆಂದು ಓದುವ ಮಗುವಿಗಿಂತ ಬಲವಾದ ಸಾಕ್ಷಿ ನಮ್ಮ ಶಾಲೆಗೆ ಬೇರೆ ಯಾವುದಿದೆ?

ಲೇಖಕರಲ್ಲಿ ನಮ್ಮ ಬಿನ್ನಹವಿಷ್ಟೆ: ಮೂರನೆಯ ಅಧ್ಯಾಯವನ್ನು ಮತ್ತೊಮ್ಮೆ ಬರೆಯಬೇಕು, ಸೇತುವೆಯ ನಡುವಿನ ಜಗಲಿಯಲ್ಲಿ ಸೈಕಲ್ಲುಗಳನ್ನು ನಿಲ್ಲಿಸಬೇಕು, ಮಗಳ ಪ್ರಶ್ನೆಗೆ ತಂದೆ ಅಲ್ಲಿ ಉತ್ತರಿಸಬೇಕು. ಉತ್ತರ ದೊರೆಯದಿದ್ದರೆ ಆ ಮೌನವನ್ನೇ ಬರೆಯಲಿ. ಅದನ್ನು ಬರೆಯಬಲ್ಲ ಕೈ ಅವರದೆಂಬ ನಂಬಿಕೆ ನಮಗಿದೆ.